ಎರಡು ಹೊಟ್ಟೆಯ ಕಾರು ಮತ್ತು ಇಪ್ಪತ್ತನಾಲ್ಕು ಕೋಟು

ದರ್ಜಿಯಕ್ಕನ ಅಂಗಡಿಯ ಮುಂದೆ ಆ ಕಾರು ಬಂದು ನಿಂತ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರಂತೆ. ಹೊರಗಿನಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ; ವಿಶೇಷವೆಲ್ಲ ಒಳಗಿತ್ತು. ಷೋರೂಮಿನವನು ಅದನ್ನು ವಿವರಿಸಿದ್ದು ಹೀಗೆ: "ಅಕ್ಕಾ, ಇದು ಕರೆಂಟಿನ ಕಾರೇ. ಚಕ್ರ ತಿರುಗಿಸೋದು ಮೋಟಾರು, ಮೋಟಾರಿಗೆ ಊಟ ಬ್ಯಾಟರಿಯಿಂದ. ಬ್ಯಾಟರಿ ಖಾಲಿಯಾಯ್ತು ಅನ್ನಿ, ಒಳಗೊಂದು ಸಣ್ಣ ಪೆಟ್ರೋಲ್ ಎಂಜಿನ್ ಇದೆ, ಅದು ಎದ್ದು ಕರೆಂಟ್ ಮಾಡಿ ಹಾಕುತ್ತೆ. ಎಂಜಿನ್ನು ಅಡುಗೆಮನೆ ಬಿಟ್ಟು ಆಚೆ ಬರಲ್ಲ, ಬಡಿಸೋದೆಲ್ಲ ಮೋಟಾರೇ. ದಾರೀಲಿ ನಿಂತುಹೋಗೋ ಮಾತೇ ಇಲ್ಲ."

ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸವನ್ನಷ್ಟೇ ವಹಿಸಿಕೊಂಡು ಗುಂಡಿಯಣ್ಣನೆಂದೇ ಹೆಸರಾಗಿದ್ದ ಅವಳ ಗಂಡ ಈ ಮಾತಿಗೆ ಅಲ್ಲೇ ಮಾರುಹೋದ. ಅತ್ತೆ ಮಾತ್ರ ಹಿಂದಿನ ಸೀಟನ್ನು ಎರಡು ಸಲ ಒತ್ತಿ ನೋಡಿ, "ಒಂದು ಹೊಟ್ಟೆ ಇರೋ ನಿನ್ನನ್ನ ಸಾಕೋದರಲ್ಲೇ ನನಗೆ ಸಾಕಾಗಿತ್ತು ಕಣೋ," ಎಂದು ಮಗನಿಗೆ ಹೇಳಿದರು.

ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಪ್ಲಗ್ಗು ಇಸ್ತ್ರಿ ಮೇಜಿನ ಪಕ್ಕದಲ್ಲಿದ್ದುದರಿಂದ ಬ್ಯಾಟರಿ ಹೆಂಡತಿಯ ಪಾಲಿಗೆ, ಪೆಟ್ರೋಲ್ ಬಂಕು ಚಹದಂಗಡಿಯ ಪಕ್ಕದಲ್ಲಿದ್ದುದರಿಂದ ಟ್ಯಾಂಕು ಗಂಡನ ಪಾಲಿಗೆ. ಎಂಟು ತಿಂಗಳು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ನಡೆಯಿತು. ಅವಳು ದಿನವೂ ಪ್ಲಗ್ ಹಾಕಿದಳು. ಪೆಟ್ರೋಲಿನ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ. ಗುಂಡಿಯಣ್ಣ ಬಂಕಿನ ಪಕ್ಕದಲ್ಲಿ ಚಹ ಮಾತ್ರ ಕುಡಿದು ಬಂದ.

ಹೀಗಿರುವಾಗ ಪಕ್ಕದ ಪಟ್ಟಣದ ಬ್ಯಾಂಡ್‌ಮಾಸ್ಟರ್ ಇಪ್ಪತ್ತನಾಲ್ಕು ಕೆಂಪು ಕೋಟುಗಳ ಕೆಲಸ ಕೊಟ್ಟರು. ಹನ್ನೊಂದು ವರ್ಷದಿಂದ ಆ ಕೆಲಸ ಎದುರಂಗಡಿಯ ದರ್ಜಿಯದಾಗಿತ್ತು. ಅವನನ್ನು ಬೀದಿಯವರು ಕತ್ತರಿ ಎಂದು ಕರೆಯುತ್ತಿದ್ದುದು ಅವನ ಕೈಗಿಂತ ನಾಲಿಗೆಯನ್ನು ನೋಡಿ. ಬ್ಯಾಂಡ್‌ಮಾಸ್ಟರ್ ಷರತ್ತನ್ನು ನಿಂತ ಕಾಲಿನಲ್ಲೇ ಹೇಳಿದರು: "ಭಾನುವಾರ ಮೂರಕ್ಕೆ ಮೆರವಣಿಗೆ. ಅಷ್ಟರೊಳಗೆ ಕೋಟು, ನೀವು, ಎರಡೂ ನಮ್ಮೂರ ಚೌಕದಲ್ಲಿರಬೇಕು. ತಪ್ಪಿದರೆ ಮುಂದಿನ ವರ್ಷ ಮತ್ತೆ ಎದುರಂಗಡಿಗೇ."

ಕತ್ತರಿ ತನ್ನ ಬಾಗಿಲಲ್ಲಿ ನಿಂತು, "ತಂಗೀ, ಅವಸರ ಪಡಬೇಡ, ನಾನು ಕಾಯ್ತೀನಿ," ಎಂದು ನಕ್ಕ.

ಆ ವಾರವಿಡೀ ಇಸ್ತ್ರಿಪೆಟ್ಟಿಗೆ ಪ್ಲಗ್ಗನ್ನು ಬಿಟ್ಟುಕೊಡಲಿಲ್ಲ. ಕಾರಿಗೆ ಕರೆಂಟು ಹಾಕಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಪೆಟ್ರೋಲಿನ ಹೊಟ್ಟೆ ತುಂಬಿದೆಯಲ್ಲ ಎಂದುಕೊಂಡು, ಕೋಟಿನ ಒಳಪದರದ ಅಸ್ತರಿಗೆಂದು ಒಂದು ಸಲ, ಜರಿಪಟ್ಟಿಗೆಂದು ನಾಲ್ಕು ಸಲ ಅದೇ ಕಾರಿನಲ್ಲಿ ಓಡಾಡಿದಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಅವನು ವರ್ಷವಿಡೀ ಅದನ್ನೇ ಹಾಡುತ್ತಾನೆ.

ಭಾನುವಾರ ಊಟ ಮುಗಿಸಿ ಹೊರಟರು. ಅವಳು ಸ್ಟೀರಿಂಗ್ ಹಿಡಿದಳು. ಪಕ್ಕದ ಸೀಟಿನಲ್ಲಿ ಕೋಟುಗಳ ರಾಶಿ ಚಾವಣಿ ಮುಟ್ಟಿತ್ತು. ಹಿಂದೆ ಗುಂಡಿಯಣ್ಣ ಮತ್ತು ಅತ್ತೆ. ಆ ರಾಶಿಯನ್ನು ಒಬ್ಬ ದಪ್ಪ ಮನುಷ್ಯನೆಂದು ಭಾವಿಸಿದ ಕಾರು, ಬೆಲ್ಟು ಹಾಕಿಲ್ಲವೆಂದು ಮನೆಯಿಂದಲೇ ಟೀಂ ಟೀಂ ಎನ್ನತೊಡಗಿತು. ಮೊದಲ ತಿರುವು ದಾಟುವಷ್ಟರಲ್ಲಿ ಆ ಸದ್ದು ಯಾರ ಕಿವಿಗೂ ಬೀಳದಾಯಿತು.

"ಏನೋ ಗುರ್ ಅಂತಿದೆಯಲ್ಲಮ್ಮ?" ಎಂದರು ಅತ್ತೆ.

"ರಸ್ತೆ ಸರಿಯಿಲ್ಲ ಅತ್ತೆ," ಎಂದಳು ಸೊಸೆ, ಎಂಜಿನ್ನಿನ ಮಾತೆತ್ತದೆ.

ಏರು ಶುರುವಾಯಿತು. ಎಂಜಿನ್ನು ಸಿಂಹದ ಹಾಗೆ ಕೂಗಿತು, ಕಾರು ಆಮೆಯ ಹಾಗೆ ಏರಿತು. ಬ್ಯಾಟರಿಯ ಭಾರ, ಎಂಜಿನ್ನಿನ ಭಾರ, ಕೋಟುಗಳ ಭಾರ, ಅತ್ತೆ. ಇಷ್ಟನ್ನೂ ಆ ಪುಟ್ಟ ಅಡುಗೆಮನೆ ಒಂದೇ ಒಲೆಯಲ್ಲಿ ಬೇಯಿಸಿ ಹಾಕಬೇಕಿತ್ತು. ನೆತ್ತಿಗೆ ಇನ್ನು ಇನ್ನೂರು ಹೆಜ್ಜೆ ಇರುವಾಗ ಸಿಂಹ ಕೆಮ್ಮಿತು. ಆಮೆ ನಿಂತಿತು. ಟೀಂ ಟೀಂ ಸದ್ದು ಬೆಲ್ಟಿನದೊಂದೇ ಅಲ್ಲ, ಮುಗಿಯುತ್ತಿದ್ದ ಪೆಟ್ರೋಲಿನದೂ ಎಂದು ಅವಳಿಗೆ ಆಗ ತಿಳಿಯಿತು. ಗಂಟೆ ಎರಡು ಹತ್ತು.

"ರೀ, ಪೆಟ್ರೋಲ್ ಹಾಕಿಸಿದ್ರಾ?"

"ಯಾಕೆ ಹಾಕಿಸಲಿ? ನೀನು ದಿನಾ ಕರೆಂಟ್ ಹಾಕ್ತೀಯಲ್ಲ!"

"ಈ ವಾರ ಹಾಕಲಿಲ್ಲ. ಪೆಟ್ರೋಲ್ ಇದೆಯಲ್ಲ ಅಂತ."

"ಮುಳ್ಳು ಇಳಿದಿದ್ದು ನಾನು ನೋಡಿದ್ದೆ ಕಣೇ. ಕರೆಂಟ್ ಇದೆಯಲ್ಲ ಅಂತ ಸುಮ್ಮನಾದೆ."

"ಒಂದೇ ಹೊಟ್ಟೆಯ ಕಾರಾಗಿದ್ರೆ ನಿಮ್ಮಲ್ಲಿ ಒಬ್ಬರಾದರೂ ಊಟ ಹಾಕ್ತಿದ್ರಿ," ಎಂದರು ಅತ್ತೆ. "ಎರಡಿದೆ ಅಂತ ಇಬ್ಬರೂ ಉಪವಾಸ ಕೆಡವಿದ್ರಿ."

ಗಂಡಹೆಂಡಿರು ಇಳಿದು ತಳ್ಳಿದರು. ಕಾರು ಜಗ್ಗಲಿಲ್ಲ. ನೆತ್ತಿಯಾಚೆಗೆ ಚೌಕದವರೆಗೂ ಬರೀ ಇಳಿಜಾರು. ಆದರೆ ಆ ಇನ್ನೂರು ಹೆಜ್ಜೆ ಇನ್ನೂರು ಮೈಲಿಯಾಗಿತ್ತು. ದರ್ಜಿಯಕ್ಕನ ಕಣ್ಣಮುಂದೆ ಕತ್ತರಿಯ ನಗು ಬಂದು ನಿಂತಿತು. ಅವಳು ಬೆವರೊರೆಸಿಕೊಂಡು ಬ್ಯಾಂಡ್‌ಮಾಸ್ಟರಿಗೆ ಫೋನ್ ಮಾಡಿದಳು.

"ಸರ್, ಕೋಟು ಸಿದ್ಧವಾಗಿದೆ. ಮೈಮೇಲೆ ಹಾಕಿ ಪರೀಕ್ಷೆ ಮಾಡದೆ ನಾನು ಒಪ್ಪಿಸೋಳಲ್ಲ. ಎಲ್ಲರನ್ನೂ ಕರ್ಕೊಂಡು ಏರಿನ ನೆತ್ತಿ ಹತ್ತಿರ ಬನ್ನಿ."

"ಪರೀಕ್ಷೆ ಚೌಕದಲ್ಲಿ ಆಗಲ್ವೇನಮ್ಮ?"

"ಚೌಕ ಚಪ್ಪಟೆ ಸರ್," ಎಂದು ಫೋನ್ ಇಟ್ಟಳು. ಏನು ಪರೀಕ್ಷೆಯೆಂದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ಎರಡೂವರೆಗೆ ಇಪ್ಪತ್ತನಾಲ್ಕು ಮಂದಿ, ಮೇಲೆ ಬನಿಯನ್, ಕೆಳಗೆ ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು, ತುತ್ತೂರಿ ಡೋಲುಗಳ ಸಮೇತ ಏದುಸಿರು ಬಿಡುತ್ತ ಬಂದರು. ಮೂವತ್ತು ಮಂದಿಯೆಂದು ಹೇಳುವವರೂ ಇದ್ದಾರೆ; ಆದರೆ ಕೋಟುಗಳ ಸಂಖ್ಯೆಯಲ್ಲಿ ಎಲ್ಲರದೂ ಒಂದೇ ಮಾತಾದ್ದರಿಂದ ಇಪ್ಪತ್ತನಾಲ್ಕೇ ಸರಿಯಿರಬೇಕು.

ಬ್ಯಾಂಡ್‌ಮಾಸ್ಟರ್ ಕಾರನ್ನೂ ಅವಳನ್ನೂ ಒಮ್ಮೆ ನೋಡಿದರು. "ತಂದುಕೊಡ್ತೀನಿ ಅಂದವರು ನಮ್ಮನ್ನೇ ಏರು ಹತ್ತಿಸಿದ್ರಿ. ಕಾರು ಕೆಟ್ಟಿದೆಯಾ?"

"ಕೆಡೋದೇನು ಸರ್, ಎರಡೆರಡು ವ್ಯವಸ್ಥೆ ಇದೆ ಇದರಲ್ಲಿ," ಎಂದ ಗುಂಡಿಯಣ್ಣ.

ದರ್ಜಿಯಕ್ಕ ಅವನನ್ನು ಪಕ್ಕಕ್ಕೆ ಸರಿಸಿದಳು. ಕೋಟುಗಳನ್ನು ಒಂದೊಂದಾಗಿ ತೊಡಿಸಿದಳು. ಡೋಲಿನವನು ಕಂಕುಳನ್ನು ನೋಡಿಕೊಂಡು, "ಅಕ್ಕಾ, ಇಲ್ಲಿ ಸ್ವಲ್ಪ ಬಿಗಿ, ಬಾರಿಸುವಾಗ ಹರಿಯಲ್ಲ ತಾನೆ?" ಎಂದ.

ಅವಳ ತಲೆಯಲ್ಲಿ ದೀಪ ಹತ್ತಿತು.

"ಅದಕ್ಕೇ ಕಣಪ್ಪ ಇಲ್ಲಿಗೆ ಕರೆಸಿದ್ದು! ಕೋಟಿನ ಜೀವ ಇರೋದು ತೋಳು ಸೇರೋ ಹೊಲಿಗೇಲಿ. ಕನ್ನಡಿ ಮುಂದೆ ನಿಂತರೆ ಅದು ಗೊತ್ತಾಗಲ್ಲ. ಎರಡೂ ಕೈ ಮುಂದೆ ಚಾಚಿ, ಮೈಭಾರವೆಲ್ಲ ಹಾಕಿ, ಏನಾದ್ರೂ ದೊಡ್ಡದನ್ನ ಏರಿನ ಮೇಲೆ ತಳ್ಳಬೇಕು." ಅವಳು ಸುತ್ತಲೂ ನೋಡಿದಂತೆ ಮಾಡಿ, "ಇಗೋ, ಈ ಕಾರೇ ಸಾಕು," ಎಂದಳು.

ಬ್ಯಾಂಡ್‌ಮಾಸ್ಟರ್ ಹುಬ್ಬೇರಿಸಿದರು. "ಕತ್ತರಿ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಇದನ್ನ ಮಾಡಿಸಲಿಲ್ಲ."

"ಮಾಡಿಸಿದ್ರೆ ಹೊಲಿಗೆ ನಿಲ್ಲಬೇಕಲ್ಲ ಸರ್," ಎಂದಳು ಅವಳು, ತಣ್ಣಗೆ.

ಗುಂಡಿಯಣ್ಣ ಸ್ಟೀರಿಂಗ್ ಹಿಡಿದು ಕಾರನ್ನು ನ್ಯೂಟ್ರಲ್‌ಗೆ ಹಾಕಿದ. ಅತ್ತೆಯನ್ನು ಇಳಿಯಿರೆಂದರೆ, "ಪರೀಕ್ಷೆ ಅಂದಮೇಲೆ ಪೂರ್ತಿ ಆಗಲಿ," ಎಂದು ಕೂತಲ್ಲೇ ಕೂತರು. ಹದಿನೆಂಟು ಜನ ತಳ್ಳಿದರು. ಜಾಗ ಸಿಗದ ಆರು ಜನ ಲಯ ತಪ್ಪಬಾರದೆಂದು ಬಾರಿಸಿದರು. ಡೋಲಿನ ಪೆಟ್ಟಿಗೊಂದು ಹೆಜ್ಜೆಯಂತೆ ಕಾರು ಕದಲಿತು. ದರ್ಜಿಯಕ್ಕ ಪಕ್ಕದಲ್ಲಿ ಓಡುತ್ತ ಕಾರನ್ನು ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಮೂವತ್ತಾರು ಕಂಕುಳ ಮೇಲೆ. ಈ ಸುಳ್ಳು ಈಗ ನಿಜದ ಪರೀಕ್ಷೆಯೇ ಆಗಿತ್ತು: ಒಂದೇ ಒಂದು ಹೊಲಿಗೆ ಪರ್ ಎಂದರೆ ಮುಗಿಯಿತು.

ನೂರನೆಯ ಹೆಜ್ಜೆಗೆ ಟಪ್ ಟಪ್ ಎಂದು ಎರಡು ಸದ್ದಾಯಿತು. ಅವಳು ಕಂಕುಳುಗಳ ಕಡೆ ಬಗ್ಗಿ ನೋಡಿದಳು; ಹೊಲಿಗೆ ನೆಟ್ಟಗಿತ್ತು. ದೊಡ್ಡ ತುತ್ತೂರಿಯವನ ಹೊಟ್ಟೆಯಿಂದ ಎರಡು ಗುಂಡಿ ಹಾರಿ ಚರಂಡಿಗೆ ಬಿದ್ದಿದ್ದವು.

"ಹೊಲಿಗೆ ನನ್ನದು ಸರ್, ಗುಂಡಿ ಮಾತ್ರ ನಮ್ಮ ಯಜಮಾನರದು," ಎಂದಳು ಓಡುತ್ತಲೇ.

ನೆತ್ತಿ ಸಿಕ್ಕಿತು. ಅವಳು ಒಳಗೆ ಹಾರಿ ಕೂತಳು. ಕಾರು ತಾನೇ ಉರುಳಿ, ಹಿಂದೆ ಕೆಂಪು ಕೋಟಿನ ಪಡೆ ಬಾರಿಸುತ್ತ ಓಡಿಬರುತ್ತಿರಲು, ಮೂರಕ್ಕೆ ಐದು ನಿಮಿಷವಿರುವಾಗ ಚೌಕದ ನಡುವೆ ಬಂದು ನಿಂತಿತು. ಜನ ಮೆರವಣಿಗೆ ಆಗಲೇ ಶುರುವಾಯಿತೆಂದು ಚಪ್ಪಾಳೆ ತಟ್ಟಿದರು. ಗುಂಡಿಯಣ್ಣ ತುತ್ತೂರಿಯವನ ಮುಂದೆ ಮಂಡಿಯೂರಿ, ನಿಂತವನ ಹೊಟ್ಟೆಯ ಮೇಲೇ ಎರಡು ಗುಂಡಿ ಹೊಲಿದ.

ಬ್ಯಾಂಡ್‌ಮಾಸ್ಟರ್ ಒಂದೊಂದು ತೋಳನ್ನೂ ಎಳೆದು ನೋಡಿ ತಲೆದೂಗಿದರು. "ಮುಂದಿನ ವರ್ಷವೂ ನೀವೇ ಅಮ್ಮ. ಆದರೆ ಒಂದು ಮಾತು: ಇನ್ನು ಈ ಪರೀಕ್ಷೆ ಇಲ್ಲದೆ ನಾನು ಯಾವ ಕೋಟನ್ನೂ ಮುಟ್ಟೋನಲ್ಲ."

ಅಂದಿನಿಂದ ಎರಡೂ ಹೊಟ್ಟೆ ಭರ್ತಿಯಾಗಿರುವ ಕಾರನ್ನು ದರ್ಜಿಯಕ್ಕ ಪ್ರತಿವರ್ಷವೂ ಅದೇ ಏರಿನಲ್ಲಿ, ನೆತ್ತಿಗೆ ಇನ್ನೂರು ಹೆಜ್ಜೆಯಿರುವಾಗ ಗಂಭೀರವಾಗಿ ನಿಲ್ಲಿಸುತ್ತಾಳೆ; ಇಪ್ಪತ್ತನಾಲ್ಕು ಜನ ಬಂದು ಸರದಿಯ ಮೇಲೆ ತಳ್ಳುತ್ತಾರೆ. ಕತ್ತರಿಗೂ ಸುದ್ದಿ ಮುಟ್ಟಿದೆ. ಅವನು ಒಂದು ಹಳೆಯ ಲಾರಿ ಹುಡುಕುತ್ತಿದ್ದಾನಂತೆ.