ಉಡದಾರದ ಡೈಪರ್

ಗೋಕಾಕದ ಶೋಭಾ ಮಾಡಿದ್ದು ಸಣ್ಣ ಕೆಲಸವೇ. ಕೂಸಿನ ಡೈಪರಿನ ಅಂಟುಪಟ್ಟಿ ತೆಗೆದು, ಸೊಂಟದ ಉಡದಾರಕ್ಕೆ ಸಿಕ್ಕಿಸುವ ಕುಣಿಕೆ ಇಟ್ಟಳು. ಅಂಟಿಲ್ಲ, ತೊಡೆ ಕೆಂಪಾಗುವುದಿಲ್ಲ, ಬಳಸಿ ಬಿಸಾಕಬಹುದು. ಪೇಟೆಂಟಿಗೆ ಅರ್ಜಿ ಹಾಕಿ, ಹುಕ್ಕೇರಿ ರಸ್ತೆಯ ಶೆಡ್ಡಿನಲ್ಲಿ ಹೆಂಗಸರನ್ನು ಕೂಡಿಸಿಕೊಂಡು ತಯಾರಿಸಲೂ ಶುರು ಮಾಡಿದಳು. ದೊಡ್ಡ ಕಂಪನಿಯೊಂದು ಅದನ್ನೇ ಎತ್ತಿಕೊಂಡು ತನ್ನ ಹೆಸರಿನಲ್ಲಿ ಮಾರಿತು. ಸಾಲದ್ದಕ್ಕೆ ಇವಳ ಪೇಟೆಂಟ್ ಅರ್ಜಿಗೇ ಅಡ್ಡಗಾಲು ಹಾಕಿತು. ಎಂಥ ಸೊಕ್ಕು ನೋಡಿ! ಹೊಸದೇನೂ ಇಲ್ಲವೆಂದು ಅರ್ಜಿ ಬಿದ್ದುಹೋಯಿತು. ಶೋಭಾ ಹೈಕೋರ್ಟಿಗೆ ಅಪೀಲು ಹೋದಳು. ಅಲ್ಲೂ ಸೋತರೆ ಅವಳ ಡೈಪರು ಅವಳದಾಗಿ ಉಳಿಯುವಂತಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ವಕೀಲ ವಿಶಾಲ ಫೋನ್ ಮಾಡಿದ. ಇಷ್ಟು ವರ್ಷ ಕೇಳದ ಪ್ರಶ್ನೆ ಅವತ್ತು ನೆನಪಾಗಿತ್ತು ಅವನಿಗೆ.

"ಮೇಡಂ, ಅರ್ಜಿ ಹಾಕೂಕಿಂತ ಮೊದಲ ಇದನ್ನ ಹೊರಗಿನ ಮಂದಿಗೆ ತೋರಿಸಿಲ್ಲ ಹೌದಿಲ್ರಿ? ತೋರಿಸಿದ್ರ ಅದು ಹೊಸಾದು ಅನಿಸ್ಕೊಳ್ಳೂದಿಲ್ಲ. ಕೇಸ್ ಅಲ್ಲೇ ಮುಗೀತು."

"ಇಲ್ರಿ. ಮನಿಮಂದಿಗಷ್ಟ ತೋರಿಸೇನಿ," ಎಂದಳು ಶೋಭಾ.

ಫೋನಿಟ್ಟ ಮೇಲೆ ಆ ಮನೆಮಂದಿಯನ್ನು ಒಬ್ಬೊಬ್ಬರಾಗಿ ಎಣಿಸತೊಡಗಿದಳು. ನಮ್ಮ ಕಡೆ ಮನೆಮಂದಿ ಎಂದರೆ ಎಷ್ಟು ಜನ ಎಂಬುದು ಕಾಯ್ದೆ ಬರೆದವರಿಗೇನು ಗೊತ್ತು? ಅರ್ಜಿ ಹಾಕುವ ಮೊದಲು ಮೂಡಲಗಿಯಲ್ಲಿ ನಾದಿನಿ ಸಾವಿತ್ರವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ್ದರು. ಓಣಿಯ ಹೆಂಗಸರೆಲ್ಲ ಜೋಗುಳ ಹಾಡುತ್ತ ಕೂತಿದ್ದರು. ಉಡದಾರ ಕಟ್ಟಿದ ಕೂಡಲೇ ಶೋಭಾ ತಾನು ಮಾಡಿದ ಮೊದಲ ಡೈಪರನ್ನು ಕೂಸಿಗೆ ಸಿಕ್ಕಿಸಿ, ಎತ್ತಿ ಎಲ್ಲರಿಗೂ ತೋರಿಸಿದ್ದಳು. ಸಾವಿತ್ರವ್ವ ಅದನ್ನು ವಿಡಿಯೋ ಮಾಡಿಕೊಂಡಿದ್ದಳು.

ಸಾವಿತ್ರವ್ವನ ಫೋನು ಒಂದೇ ಸಮ ಬ್ಯುಸಿ. ಶೋಭಾ ಸಿಕ್ಕ ಬಸ್ಸು ಹತ್ತಿದಳು. ಯಾರು ಮೊಬೈಲ್ ನೋಡಿ ನಕ್ಕರೂ ಅದೇ ವಿಡಿಯೋ ಎನಿಸಿ ಇಣುಕಿ ನೋಡುತ್ತಿದ್ದಳು. ನಾಳೆ ಜಡ್ಜ್ ಕೇಳಿದರೆ ಏನು ಹೇಳುವುದು? ಸುಳ್ಳು ಹೇಳಿ ಸಿಕ್ಕಿಬಿದ್ದರೆ?

ಸಾವಿತ್ರವ್ವ ಬಾಗಿಲಲ್ಲೇ ಅತ್ತಿಗೆಯ ಕೈ ಹಿಡಿದಳು. ಮುಖದ ತುಂಬ ನಗೆ.

"ಬರ್ರಿ ವೈನಿ, ನಿಮಗಽ ಫೋನ್ ಹಚ್ಚಾಕತ್ತಿದ್ನಿ. ಇನ್ನ ನೀವು ಅಂಜಬ್ಯಾಡ್ರಿ."

"ಆ ತೊಟ್ಟಿಲದ ವಿಡಿಯೋ ಐತೇನ? ಅಳಿಸಿಬಿಡವ್ವಾ, ಯಾರಿಗೂ ತೋರಿಸಬ್ಯಾಡ."

"ಅಳಸೂದ್ಯಾಕ್ರಿ? ಅದಽ ನಮ್ಮ ಸಾಕ್ಷಿ! 'ನಿಮಗಿಂತ ಮೊದಲ ನಮ್ಮ ವೈನಿ ಮಾಡ್ಯಾರ' ಅಂತ ಬರದು, ಮುಂಜಾನೆ ಆ ಕಂಪನಿ ಪೇಜಿನಾಗಽ ನನ್ನ ನಂಬರ್ ಸಮೇತ ಹಾಕೀನಿ. ಕಳ್ಳರು! ಬಾಯಿ ಮುಚ್ಚಲಿ."

ಶೋಭಾ ಹೊಸ್ತಿಲ ಮೇಲೆಯೇ ಕುಸಿದು ಕೂತಳು.

"ಅವರು... ನೋಡ್ಯಾರೇನ?"

"ನೋಡದ ಏನ್ರಿ! ಈಗಷ್ಟ ಅವರ ವಕೀಲರು ಫೋನ್ ಮಾಡಿದ್ರು. ಭಾಳ ಮರ್ಯಾದಿಲೆ ಮಾತಾಡಿದ್ರು. ಯಾವಾಗಿನ ವಿಡಿಯೋ, ಎಷ್ಟ ಮಂದಿ ಕೂಡಿದ್ರಿ ಅಂತ ಕೇಳಿದ್ರು." ಸಾವಿತ್ರವ್ವ ಸೆರಗಿನಿಂದ ಅತ್ತಿಗೆಯ ಹಣೆಯ ಬೆವರು ಒರೆಸಿದಳು. "ನಾ ಏನ್ ಬಿಟ್ಟೇನಿ? ಊರಿಗೆ ಊರಽ ಕೂಡಿತ್ತು ಅಂತ ಹೇಳೀನಿ."