ತೆರೆದ ಕಣ್ಣಿನ ಪ್ರಾರ್ಥನೆ

ಬೆಂಗೇರಿಯಲ್ಲಿ ದಯಾವತಿಯ ಮನೆಯೊಳಗೆ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಚಾಪೆ ಹಾಸಿ ಆಗಿತ್ತು. ಸುಗುಣಾಬಾಯಿಗೆ ಮಾತ್ರ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡಳು, ಬೈಬಲ್ ತೆರೆದಳು, ಮತ್ತೆ ಮುಚ್ಚಿದಳು. ಇವತ್ತು ಎಸ್ತೇರಬಾಯಿಯೂ ಬರುತ್ತಾಳೆಂದು ಕೇಳಿದಾಗಿನಿಂದ ಹೀಗೇ.

ಸಭೆಯಲ್ಲಿ ಸುಗುಣಾಬಾಯಿಯ ಪ್ರಾರ್ಥನೆಗೆ ದೊಡ್ಡ ಹೆಸರು. ಆಕೆ ಬಾಯಿ ತೆರೆದರೆ ಕೇಳಿದವರ ಕಣ್ಣಲ್ಲಿ ನೀರು. ಯಾರ ಮಗ ಕುಡಿಯುತ್ತಾನೆ, ಯಾರ ಸೊಸೆ ತವರು ಸೇರಿದಳು, ಎಲ್ಲವನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದಳು. ದೇವರಿಗೆ ಅವೆಲ್ಲ ಮೊದಲೇ ಗೊತ್ತು. ಹೊಸ ಸುದ್ದಿ ಸಿಗುತ್ತಿದ್ದದ್ದು ಚಾಪೆಯ ಮೇಲೆ ಕುಳಿತವರಿಗೆ.

ಮಳೆಗಾಲದಲ್ಲಿ ಇದೇ ಕೋಣೆಯಲ್ಲಿ ಹಾಗೆಯೇ ಕೃಪಾಳ ಹೆಸರು ಹಿಡಿದಿದ್ದಳು. ಕೃಪಾ ಎಸ್ತೇರಬಾಯಿಯ ಮಗಳು. ದಯಾವತಿಯ ಮಗ ಸಂಕೇತನಿಗೆ ಗೊತ್ತುಮಾಡಿದ್ದ ಹುಡುಗಿ. ಎಸ್ತೇರಬಾಯಿ ಅಂದು ಬಂದಿರಲಿಲ್ಲ. "ಕರ್ತನೇ, ನಮ್ಮ ಕೃಪಾನ ಮೂರ್ಛೆರೋಗ ವಾಸಿ ಮಾಡಪ್ಪಾ" ಎಂದು ಸುಗುಣಾಬಾಯಿ ಗದ್ಗದ ದನಿಯಲ್ಲಿ ಬೇಡಿದ್ದಳು. ಎಲ್ಲಿಯ ಮೂರ್ಛೆರೋಗ! ಕೂಸಿದ್ದಾಗ ಜ್ವರ ನೆತ್ತಿಗೇರಿ ಒಂದೇ ಸಲ ಬಂದಿದ್ದ ಫಿಟ್ಸ್ ಅದು, ಎಸ್ತೇರಬಾಯಿ ನಂಬಿ ಹೇಳಿದ್ದ ಮಾತು. ಅದೂ ಹೋಗಲಿ. ಎಲ್ಲರೂ ಕಣ್ಣು ಮುಚ್ಚಿದ್ದಾಗ ಸುಗುಣಾಬಾಯಿ ಮೆಲ್ಲಗೆ ಒಂದು ಕಣ್ಣು ತೆರೆದು ದಯಾವತಿಯ ಮುಖ ನೋಡಿದ್ದಳು, ಮಾತು ನಾಟಿತೋ ಇಲ್ಲವೋ ಎಂದು. ನಾಟಿತ್ತು. ಸಂಬಂಧ ಮುರಿಯಿತು. ಈಗ ದಯಾವತಿ ಬರುವ ರವಿವಾರ ಉಣಕಲ್ಲಿಗೆ ಹೊರಟಿದ್ದಾಳೆ, ಸಂಕೇತನಿಗೆ ಸುಗುಣಾಬಾಯಿಯ ತಂಗಿಯ ಮಗಳನ್ನು ನೋಡಲು.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೊನ್ನೆ ಎಸ್ತೇರಬಾಯಿ ಮನೆಗೇ ಬಂದು ಕೈ ಹಿಡಿದುಕೊಂಡಳು. "ಅಕ್ಕಾ, ಕೃಪಾ ಊಟಾನ ಮಾಡವಲ್ಲಳ್ರಿ. ಯಾಕ ಬ್ಯಾಡಂದ್ರೋ, ದಯಾವತಿಯವರು ಬಾಯಿ ಬಿಡವಲ್ರು. ನಿಮ್ಮ ಪ್ರಾರ್ಥನಾ ದೇವರು ಲಗೂ ಕೇಳ್ತಾನ. ಆಕಿ ಸಲುವಾಗಿ ಬೇಡ್ಕೋರಿ."

ಅಂದಿನಿಂದ ಸುಗುಣಾಬಾಯಿಗೆ ಪ್ರಾರ್ಥನೆಯೇ ಬರುತ್ತಿಲ್ಲ. ಮೊಣಕಾಲೂರಿದರೆ ಅಂದು ತೆರೆದ ಆ ಕಣ್ಣೇ ನೆನಪಾಗುತ್ತದೆ. ಯಾರೂ ನೋಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸಾಕಾಗಿದ್ದಳು. ನೋಡಬೇಕಾದವನು ನೋಡಿದ್ದನಲ್ಲ!

ಹಾಡು ಮುಗಿಯುವಾಗ ಎಸ್ತೇರಬಾಯಿ ಬಂದು ಬಾಗಿಲ ಬಳಿ ಕುಳಿತಳು. ಸಭಾಪಾಲಕ ಅಯ್ಯನವರು, "ಸುಗುಣಾಬಾಯಾರ, ಪ್ರಾರ್ಥನಾ ಮಾಡ್ರಿ" ಅಂದರು. ಎಲ್ಲರೂ ಕಣ್ಣು ಮುಚ್ಚಿದರು.

"ಕರ್ತನೇ, ನಾನು ಪಾಪಿ..." ಎಂದಳು. ಯಾರೋ "ಹೌದಪ್ಪಾ ಕರ್ತನೇ" ಎಂದು ದನಿಗೂಡಿಸಿದರು. ಇಲ್ಲಿಗೇ ನಿಲ್ಲಿಸಿದರೆ ಆಮೆನ್, ಆಮೇಲೆ ಚಹಾ ಅವಲಕ್ಕಿ, ರವಿವಾರ ಉಣಕಲ್. ಎಲ್ಲರೂ ಹೇಳುವ ಪಾಪ ಯಾರಿಗೂ ನೋಯುವುದಿಲ್ಲ. ತಂಗಿಯ ಮುಖ ಕಣ್ಮುಂದೆ ಬಂತು. ಆದರೂ ತಡೆಯಲಾಗಲಿಲ್ಲ.

"ಎಲ್ಲಾರೂ ಕಣ್ಣು ತೆಗೀರಿ" ಅಂದಳು. "ಇದು ದೇವರಿಗೆ ಹೇಳೂದಲ್ಲ. ನಿಮಗ ಹೇಳೂದು."

ಹೇಳಿದಳು. ಒಂದೇ ಸಲ ಬಂದ ಫಿಟ್ಸನ್ನು ರೋಗ ಮಾಡಿದ್ದು, ಕಣ್ಣು ತೆರೆದು ನೋಡಿದ್ದು, ತಂಗಿಯ ಮಗಳಿಗಾಗಿಯೇ ಅದನ್ನು ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಎಂದಿನ ರಾಗ ದನಿಯಲ್ಲಿ ಇರಲಿಲ್ಲ.

ದಯಾವತಿ ಮುಖ ಗಂಟಿಕ್ಕಿ, "ರವಿವಾರ ನಾವು ಬರೂದಿಲ್ರಿ" ಅಂದಳು. ಅಯ್ಯನವರು ಏನೋ ವಾಕ್ಯ ಹುಡುಕುತ್ತ ಬೈಬಲ್ಲಿನ ಹಾಳೆ ತಿರುವಿದರು.

ಎಸ್ತೇರಬಾಯಿ ಅಳಲಿಲ್ಲ, ಬೈಯಲಿಲ್ಲ. ಎದ್ದು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದಳು.

"ನಡಿ" ಅಂದಳು. ಅಕ್ಕಾ ಅನ್ನಲಿಲ್ಲ.

"ಎಲ್ಲಿಗೆ?"

"ಮನಿಗೆ. ಇದನ್ನ ನನ್ನ ಮಗಳ ಮುಂದ ಹೇಳು."

ಇದಕ್ಕಿಂತ ಕಷ್ಟದ್ದು ಇನ್ನೂ ಉಳಿದಿದೆಯೆಂದು ಸುಗುಣಾಬಾಯಿಗೆ ಹೊಳೆದಿರಲೇ ಇಲ್ಲ. ಗೋಡೆ ಹಿಡಿದು ಎದ್ದಳು. ಬಾಗಿಲಲ್ಲಿ ಅಷ್ಟೊಂದು ಚಪ್ಪಲಿಗಳ ನಡುವೆ ತನ್ನವು ಸಿಗಲಿಲ್ಲ. ಹುಡುಕುತ್ತ ನಿಂತರೆ ಧೈರ್ಯ ಹೋದೀತೆಂದು ಬರಿಗಾಲಲ್ಲೇ ಆಕೆಯ ಹಿಂದೆ ನಡೆದಳು.