ಶುಕ್ರವಾರದ ಪರದೆ

ಮೂರು ವರ್ಷ ಕಾಲ, ತಿಂಗಳ ಮೊದಲ ಶುಕ್ರವಾರ, ದೋಹಾದ ಲ್ಯಾಂಟರ್ನ್ ಕ್ಲಬ್ಬಿನಲ್ಲಿ ಆನ್ಸೆಲ್ಮ್ ಪರದೆಯ ಹಿಂದೆ ನಿಂತು ಹಾಡಿದ. ಪರದೆಯ ಮುಂದೆ ನಾಲ್ವರು ಇಂಗ್ಲಿಷ್ ಹುಡುಗರು ವೈರಿಲ್ಲದ ಗಿಟಾರು ಹಿಡಿದು ಬಾಯಾಡಿಸಿದರು. ಚಪ್ಪಾಳೆ ಹುಡುಗರಿಗೆ ಬಿತ್ತು. ಬಾಗಿಲಲ್ಲಿ ಅಂಟಿಸಿದ್ದ ಪೋಸ್ಟರಿನಲ್ಲೂ ಅವರದೇ ಹೆಸರು.

ಆನ್ಸೆಲ್ಮ್ ಕಿನ್ನಿಗೋಳಿ ಕಡೆಯವನು. ಇಂಡಸ್ಟ್ರಿಯಲ್ ಏರಿಯಾದ ಕಟ್ಟಡ ಕಂಪನಿಯೊಂದರಲ್ಲಿ ಟೈಮ್‌ಕೀಪರ್. ಬೆಳಿಗ್ಗೆ ಐದಕ್ಕೆ ಬಸ್ಸಿನಿಂದ ಇಳಿಯುವ ಆರುನೂರು ಜನರ ಹಾಜರಿ ಬರೆಯುವುದು ಅವನ ಕೆಲಸ. ತೊಂಬತ್ತಮೂರರಲ್ಲಿ ಒಂದು ದಿನ ಅವನು ಹಾಜರಿ ಕಿಟಕಿಯಲ್ಲಿ ಕುಳಿತು ಗುನುಗುತ್ತಿದ್ದ ಹಳೆಯ ಇಂಗ್ಲಿಷ್ ಹಾಡೊಂದು ಕಂಪನಿಯ ಕಮರ್ಷಿಯಲ್ ಮ್ಯಾನೇಜರ್ ಟ್ಯಾಟರ್ಸಲ್‌ನ ಕಿವಿಗೆ ಬಿತ್ತು. ಟ್ಯಾಟರ್ಸಲ್ ಲ್ಯಾಂಟರ್ನ್ ಕ್ಲಬ್ಬಿಗೆ ಸೆಕ್ರೆಟರಿಯೂ ಆಗಿದ್ದ. ಸದಸ್ಯರೆಲ್ಲ ಬ್ರಿಟಿಷರೇ ಆಗಿದ್ದ ಕ್ಲಬ್ಬು ಅದು.

ಈ ಮನುಷ್ಯನಿಗೆ ಒಂದು ಹುಚ್ಚಿತ್ತು. ಅರವತ್ತರ ದಶಕದಲ್ಲಿ, ಉತ್ತರ ಇಂಗ್ಲೆಂಡಿನ ಅವನ ಊರಿನಲ್ಲಿ, ಹತ್ತಿ ಗೋದಾಮಿನ ನೆಲಮಾಳಿಗೆಯಲ್ಲಿ ಒಂದು ಕ್ಲಬ್ಬಿತ್ತಂತೆ. ಮಧ್ಯಾಹ್ನ ಊಟದ ಬಿಡುವಿಗೆ ಟೈಪಿಸ್ಟ್ ಹುಡುಗಿಯರು, ಹಡಗುಕಟ್ಟೆಯ ಗುಮಾಸ್ತರು, ಗ್ಯಾರೇಜಿನ ಹುಡುಗರು ಸಾಲುಗಟ್ಟಿ ಮೆಟ್ಟಿಲಿಳಿಯುತ್ತಿದ್ದರಂತೆ. ಕುಡಿಯಲು ಕೋಲಾ, ತಿನ್ನಲು ಸೂಪು ಬ್ರೆಡ್ಡು. ಜನ ಎಷ್ಟೆಂದರೆ ಗೋಡೆಯೇ ಬೆವರುತ್ತಿತ್ತಂತೆ. ನಿನ್ನೆ ಮೂಟೆ ಹೊತ್ತವನು ಇವತ್ತು ಗಿಟಾರು ಹೊತ್ತು ವೇದಿಕೆಯ ಮೇಲೆ. ಕೂದಲು ಕತ್ತರಿಸಿಕೊಂಡು ಬಾ ಎಂದ ಮೇಸ್ತ್ರಿಯ ಮುಖಕ್ಕೆ ನಗುತ್ತಾ ಟ್ಯಾಟರ್ಸಲ್‌ನೂ ಹದಿನಾರನೇ ವಯಸ್ಸಿಗೆ ಆ ವೇದಿಕೆ ಹತ್ತಿ ಹಾಡಿದ್ದನಂತೆ. "ನಮ್ಮನ್ನು ಯಾರೂ ಕರೆದಿರಲಿಲ್ಲ ಆನ್ಸೆಲ್ಮ್, ನಾವೇ ಹತ್ತಿದೆವು," ಎಂದು ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು. ಕಥೆ ಸುಳ್ಳಿರಲಾರದು. ಮೇಲೆ ಹತ್ತಿದವರು ಹತ್ತಿದ ಮೇಲೆ ಏಣಿಯನ್ನು ಏನು ಮಾಡುತ್ತಾರೆ ಎಂಬುದು ಬೇರೆ ಕಥೆ.

ಅದೇ ನೆಲಮಾಳಿಗೆಯನ್ನು ಮರುಭೂಮಿಯಲ್ಲಿ ಎಬ್ಬಿಸಬೇಕೆಂದು ಟ್ಯಾಟರ್ಸಲ್ ಹೊರಟ. ಜುಮ್ಮಾ ನಮಾಜು ಮುಗಿದು ಊರು ಮಲಗಿದ ಮೇಲೆ, ಎರಡರಿಂದ ಐದರವರೆಗೆ 'ಲಂಚ್‌ಟೈಮ್ ಸೆಷನ್'. ಸದಸ್ಯರ ಮಕ್ಕಳಿಗೆ ಆ ಕಾಲದ ಬಿಗಿ ಪ್ಯಾಂಟು, ಸಪೂರ ಟೈ, ಹಣೆ ಮುಚ್ಚುವ ವಿಗ್ಗು ಎಲ್ಲ ತರಿಸಿದ. ನುಡಿಸಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ನುಡಿಸುವವರು ಬೇಕಾಗಿದ್ದರು.

ಆನ್ಸೆಲ್ಮ್‌ನ ಬಳಿ ನುಡಿಸುವವರಿದ್ದರು. ಅವನ ಹೆಂಡತಿ ಬೆನಿಟಾಳ ಕೀಬೋರ್ಡು, ಅವಳ ತಮ್ಮ ಯೂಸ್ಟೇಸ್‌ನ ಡ್ರಮ್ಮು, ಎಸಿ ಅಂಗಡಿಯಲ್ಲಿ ಬಿಲ್ ಬರೆಯುವ ಇಪ್ಪತ್ತಾರರ ಬ್ರಯನ್‌ನ ಗಿಟಾರು. ಇವರೇ ಶುಕ್ರವಾರ ಬೆಳಿಗ್ಗೆ ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ ನಡೆಯುವ ಬಲಿಪೂಜೆಗೆ ಹಾಡುವವರು. ದೋಹಾದಲ್ಲಿ ಇಗರ್ಜಿ, ಚರ್ಚು ಏನೂ ಇಲ್ಲದ ಕಾಲ ಅದು. ಹಾಲಿನಲ್ಲಿ ಜಮಖಾನ ಹಾಸಿ, ಕಿಟಕಿ ಮುಚ್ಚಿ, ಪರದೆ ಎಳೆದು, ಧ್ವನಿ ಗೇಟು ದಾಟದಂತೆ ಸ್ತುತಿಗೀತೆ ಹಾಡುತ್ತಿದ್ದರು. ಯಾರೂ ಬಂದು ಗದರಿಸಿದ್ದು ಯಾರಿಗೂ ನೆನಪಿಲ್ಲ. ಆದರೂ ಪಾದ್ರಿಗಳು ಕೈ ಮೇಲೆತ್ತಿದ ಕೂಡಲೇ ನಲವತ್ತು ಜನರ ಗಂಟಲು ತಾನಾಗಿ ಸಣ್ಣದಾಗುತ್ತಿತ್ತು.

ಹಾಗಾಗಿ ಟ್ಯಾಟರ್ಸಲ್, "ನೀವು ಪರದೆಯ ಹಿಂದೆ ಇದ್ದರೆ ಒಳ್ಳೆಯದು, ಇಲ್ಲಿಯದು ನಿಮಗೇ ಗೊತ್ತಲ್ಲ," ಎಂದಾಗ ಅವರಿಗೆ ಗೊತ್ತಾಯಿತು. ಗೊತ್ತಾದದ್ದು ತಪ್ಪಾಗಿ. ವೀಸಾದಲ್ಲಿ ಟೈಮ್‌ಕೀಪರ್ ಎಂದಿರುವವನು ವೇದಿಕೆಯಲ್ಲಿ ಹಾಡಿ ಸಿಕ್ಕಿಬಿದ್ದರೆ ವೀಸಾ ಖಲಾಸ್, ಮೂರನೇ ದಿನ ಬೊಂಬಾಯಿ ವಿಮಾನ. ಅದರಿಂದ ನಮ್ಮನ್ನು ಕಾಪಾಡಲೆಂದೇ ಈ ದೊಡ್ಡ ಮನುಷ್ಯ ಪರದೆ ಕಟ್ಟಿಸಿದ್ದಾನೆ ಎಂದುಕೊಂಡರು. ಆನ್ಸೆಲ್ಮ್ ಟ್ಯಾಟರ್ಸಲ್‌ನ ಎರಡೂ ಕೈ ಹಿಡಿದು ದೇವರು ನಿಮಗೆ ಒಳ್ಳೆಯದು ಮಾಡಲಿ ಅಂದ. ಬೆನಿಟಾ ಮೂರು ಕ್ರಿಸ್‌ಮಸ್ಸಿಗೂ ನೆವ್ರಿ, ಕಿಡ್ಯೊ, ಅಕ್ಕಿಲಾಡು ಮಾಡಿ ಕುಸ್ವಾರ್ ಎನ್ನುವ ಹಬ್ಬದ ತಿಂಡಿಗಳ ಡಬ್ಬಿ ತುಂಬಿ ಅವನ ಮನೆಗೆ ಮುಟ್ಟಿಸಿದಳು. ಅವನು ಡಬ್ಬಿ ತೆಗೆದುಕೊಂಡ. ಅವರು ಏನೆಂದುಕೊಂಡಿದ್ದಾರೆ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ.

ಪರದೆಯ ಹಿಂದೆ ಎಸಿ ಇರಲಿಲ್ಲ. ಫ್ಯಾನ್ ಹಾಕಿದರೆ ಮೈಕಿನಲ್ಲಿ ಗೊರಗೊರ ಕೇಳುತ್ತದೆಂದು ಅದೂ ಇಲ್ಲ. ಯೂಸ್ಟೇಸ್ ಲೇಸಿಲ್ಲದ ಶೂ ಹಾಕಿಕೊಂಡು ಒಂದು ಕಣ್ಣು ಸದಾ ಅಡುಗೆಮನೆಯ ಬಾಗಿಲ ಮೇಲಿಟ್ಟು ಡ್ರಮ್ಮು ಬಾರಿಸುತ್ತಿದ್ದ. ಓಡಬೇಕಾದರೆ ಲೇಸು ಕಟ್ಟುವಷ್ಟು ಸಮಯ ಇರುವುದಿಲ್ಲ ಎಂದು ಅವನ ಲೆಕ್ಕ. ಮುಂದೆ ಯಾವುದಾದರೂ ಬಾಗಿಲು ಬಡಿದುಕೊಂಡರೆ ನಾಲ್ವರಿಗೂ ತಾಳ ತಪ್ಪುತ್ತಿತ್ತು. ಆದರೂ ಬರುತ್ತಿದ್ದರು. ತಿಂಗಳಿಡೀ ಪಿಸುಗುಟ್ಟಿದ ಗಂಟಲು ಪೂರ್ತಿ ತೆರೆಯುತ್ತಿದ್ದುದು ಅದೊಂದೇ ಜಾಗದಲ್ಲಿ.

ತೊಂಬತ್ತಾರರ ಮೇ ತಿಂಗಳ ಮೊದಲ ಶುಕ್ರವಾರ ಮೂರನೇ ಹಾಡಿನ ನಡುವೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಹುಡುಗರ ಬಾಯಿ ಇನ್ನೂ ಆಡುತ್ತಿತ್ತೋ ಏನೋ. ಸದಸ್ಯರು ಗ್ಲಾಸು ಹಿಡಿದು ಈಜುಕೊಳದ ನೆರಳಿಗೆ ನಡೆದರು, ಟ್ಯಾಟರ್ಸಲ್ ಅವರನ್ನು ಸಮಾಧಾನ ಮಾಡುತ್ತಾ ಹಿಂದೆಯೇ ಹೋದ. ಕ್ಲಬ್ಬಿನ ಎಲೆಕ್ಟ್ರೀಷಿಯನ್ ವಿರುಪಾಕ್ಷಪ್ಪ ಪರದೆಯ ಹಿಂದೆ ಬಂದು, ತನ್ನ ಜೊತೆಯವನು ರಜೆಯ ಮೇಲೆ ಊರಿಗೆ ಹೋಗಿದ್ದಾನೆ, ಯಾರಾದರೂ ಟಾರ್ಚು ಹಿಡಿಯಲು ಬನ್ನಿ ಎಂದು ಕರೆದ. ಕೊಪ್ಪಳ ಕಡೆಯ ಮನುಷ್ಯ. ಕ್ಲಬ್ಬಿನಲ್ಲಿ ಇವರೊಡನೆ ಕನ್ನಡ ಮಾತಾಡುವವನು ಅವನೊಬ್ಬನೇ. ಆನ್ಸೆಲ್ಮ್ ಹೋದ.

ಮೇನ್ ಬೋರ್ಡು ಇದ್ದದ್ದು ಸೆಕ್ರೆಟರಿಯ ಕೋಣೆಯಲ್ಲಿ. ಮೂರು ವರ್ಷ ಅಡುಗೆಮನೆಯ ಬಾಗಿಲಿನಿಂದಲೇ ಬಂದು ಹೋದ ಆನ್ಸೆಲ್ಮ್ ಆ ಕೋಣೆಯನ್ನು ಕಂಡಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಹೋಗಿ ನಾಚಿ ಹಾಗೆಯೇ ಒಳಗೆ ಹೋದ. ಬೋರ್ಡಿನ ಪಕ್ಕ, ಇಲ್ಲಿಯ ಎಲ್ಲ ಅಂಗಡಿ ಆಫೀಸುಗಳಲ್ಲಿ ಇರುವಂತೆ, ಲೈಸೆನ್ಸುಗಳನ್ನು ಫ್ರೇಮು ಹಾಕಿ ಸಾಲಾಗಿ ತೂಗುಹಾಕಿದ್ದರು. ವಿರುಪಾಕ್ಷಪ್ಪ ಫ್ಯೂಸು ಹುಡುಕುವಾಗ ಟಾರ್ಚಿನ ಬೆಳಕು ಜಾರಿ ಒಂದು ಫ್ರೇಮಿನ ಮೇಲೆ ಬಿತ್ತು.

ಅದರಲ್ಲಿ ಆನ್ಸೆಲ್ಮ್‌ನ ಫೋಟೊ ಇತ್ತು. ಪಕ್ಕದಲ್ಲಿ ಬೆನಿಟಾ, ಯೂಸ್ಟೇಸ್, ಬ್ರಯನ್. ಗೇಟ್ ಪಾಸಿಗೆಂದು ಟ್ಯಾಟರ್ಸಲ್ ಮೂರು ವರ್ಷದ ಹಿಂದೆ ಇಸಿದುಕೊಂಡ ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ಪ್ರತಿ ಫೋಟೊದ ಮೂಲೆಗೂ ದುಂಡನೆಯ ಸರ್ಕಾರಿ ಮೊಹರು. ಕೆಳಗೆ ಅರಬ್ಬಿಯಲ್ಲಿ ಬರಹ, ಅದರ ಕೆಳಗೆ ಟೈಪು ಮಾಡಿದ ಇಂಗ್ಲಿಷ್ ತರ್ಜುಮೆ. ಈ ನಾಲ್ವರು ಸಂಗೀತಗಾರರಿಗೆ ತಮ್ಮ ನೌಕರಿಯ ಜೊತೆಗೆ, ಸದಸ್ಯರ ಎದುರು, ವೇದಿಕೆಯ ಮೇಲೆ ಹಾಡಲು ನುಡಿಸಲು ಅನುಮತಿ ಇದೆ. ಮೊದಲ ತಾರೀಕು ತೊಂಬತ್ತಮೂರರದ್ದು.

ಆನ್ಸೆಲ್ಮ್ ತರ್ಜುಮೆಯನ್ನು ಎರಡು ಸಲ ಓದಿದ. ಆಮೇಲೆ ಹತ್ತಿರದಲ್ಲಿದ್ದ ಟ್ಯಾಟರ್ಸಲ್‌ನ ಕುರ್ಚಿಯಲ್ಲೇ ಕುಳಿತುಬಿಟ್ಟ.

"ಏನಾತ್ರೀ ಅಣ್ಣಾರ, ಕರೆಂಟ್ ಹೊಡೀತೇನು?" ವಿರುಪಾಕ್ಷಪ್ಪ ಗಾಬರಿಯಾದ.

"ಕರೆಂಟಲ್ಲ ಮಾರಾಯ್ರೆ. ಇಲ್ಲಿ ನೋಡಿ. ಇದು ನಾನು."

"ನೀವ ಹೌದಲ್ರೀ. ಮೀಸಿ ಸ್ವಲ್ಪ ಸಣ್ಣದೈತಿ. ಮೂರು ವರ್ಷದಿಂದ ಇಲ್ಲೇ ಜೋತು ಬಿದ್ದೈತಿ. ವರ್ಷಾ ಹೊಸಾ ಸಿಕ್ಕಾ ಹೊಡಿಸ್ಕೊಂಡು ಬರ್ತಾರ."

"ನೋಡಿದವರು ನಮಗೆ ಎಂತಕ್ಕೆ ಹೇಳಲಿಲ್ಲ?"

"ನಾ ಏನು ಹೇಳ್ಲಿ? ನೀವು ಪ್ರಾರ್ಥನಾನೂ ಪರದೆ ಹಾಕ್ಕೊಂಡ ಮಾಡ್ತೀರಿ ಅಂತ ಕೇಳಿದ್ನಿ. ನಿಮ್ಮ ಮಂದ್ಯಾಗ ಹಾಡಿಗೆ ಹಿಂಗ ಏನರ ವ್ರತಾ ಇರಬೇಕು ಅಂದ್ಕೊಂಡೆ."

ಆನ್ಸೆಲ್ಮ್‌ಗೆ ನಗು ಬಂತು. ಮೋಸ ಹೋದವನಿಗೆ ಮೊದಲು ಸಿಟ್ಟು ಬರಬೇಕೆಂದು ನಮ್ಮ ಭಾಷಣಗಳು ಹೇಳುತ್ತವೆ. ಅವನಿಗೆ ಮೊದಲು ಬಂದದ್ದು ನಿರಾಳದ ಉಸಿರು. ತನ್ನನ್ನು ಯಾರೂ ಹುಡುಕುತ್ತಿರಲಿಲ್ಲ. ಬಾಗಿಲು ಬಡಿದುಕೊಂಡಾಗಲೆಲ್ಲ ಅದು ಬರೀ ಬಾಗಿಲಾಗಿತ್ತು. ಮೂರು ವರ್ಷ ಪ್ರತಿ ಮೊದಲ ಶುಕ್ರವಾರದ ಹಿಂದಿನ ರಾತ್ರಿ ಮಗಳು ಅನಿಶಾಳ ಶಾಲೆಯ ಟಿ.ಸಿ., ಊರಿಗೆ ಹೋದರೆ ಬಾಡಿಗೆ ಮನೆ, ಅಂಗಡಿ ಇಡುವುದೋ ಆಟೋ ಓಡಿಸುವುದೋ ಎಂದು ಯೋಚಿಸಿ ನಿದ್ದೆಗೆಟ್ಟದ್ದು, ಎಲ್ಲವೂ ಆ ಮೊಹರಿನ ಕೆಳಗೆ ಪುಡಿಯಾಯಿತು. ಕಣ್ಣೊರೆಸಿಕೊಂಡು ಅವನು ಫ್ರೇಮನ್ನು ಗೋಡೆಯಿಂದ ತೆಗೆದ. ವಿರುಪಾಕ್ಷಪ್ಪ ಫ್ಯೂಸು ಹಾಕಿದ.

ದೀಪ ಬಂದಾಗ ಪರದೆಯ ಹಿಂದೆ ಫ್ರೇಮು ಕೈಯಿಂದ ಕೈಗೆ ಹೋಯಿತು. ಯೂಸ್ಟೇಸ್ ಅದನ್ನು ಎದೆಗೆ ಒತ್ತಿ ಹಿಡಿದು ಡ್ರಮ್ಮಿನ ಸ್ಟೂಲಿನ ಮೇಲೆ ಮಗುವಿನಂತೆ ಅತ್ತ. ಬ್ರಯನ್‌ನ ಮುಖ ಮಾತ್ರ ಕೆಂಪಾಗಿತ್ತು. ಈಗಲೇ ಗಿಟಾರು ಚೀಲಕ್ಕೆ ಹಾಕಿ ಹೊರಡೋಣ, ಆ ಹುಡುಗರು ಬಾಯಾಡಿಸಿಕೊಂಡೇ ಇರಲಿ, ಹಾಡು ಎಲ್ಲಿಂದ ಬರುತ್ತದೆಂದು ನೋಡೋಣ ಎಂದ. ಅದರಲ್ಲಿ ನ್ಯಾಯ ಇತ್ತು.

ಬೆನಿಟಾ ತಮ್ಮನ ಕೈಯಿಂದ ಫ್ರೇಮು ತೆಗೆದುಕೊಂಡು ತನ್ನ ಫೋಟೊ ನೋಡಿದಳು. ಆಮೇಲೆ, "ಮೂರು ವರ್ಷ ನೆವ್ರಿ ಮಾಡಿ ಕೊಟ್ಟೆನಲ್ಲ ಆ ಮನುಷ್ಯನಿಗೆ," ಎಂದು ಗಂಡನ ಕಡೆ ತಿರುಗಿದಳು. "ನಿಮ್ಮ ಅಮ್ಮನಿಗೆ ಕೂಡ ಅಷ್ಟು ಚಂದದ್ದು ಕಳಿಸಲಿಲ್ಲ."

"ನಿನ್ನದಕ್ಕೆ ಬೆಲ್ಲ ಯಾವಾಗಲೂ ಜಾಸ್ತಿ ಅಕ್ಕ," ಯೂಸ್ಟೇಸ್ ಮೂಗೊರೆಸಿಕೊಂಡ. "ಅವನಿಗೆ ಶುಗರ್ ಬಂದಿದ್ದರೂ ಬಂದೀತು."

ಅವಳು ನಕ್ಕಳು. ನಗು ಒಮ್ಮೆ ಹೊರಟದ್ದು ನಿಲ್ಲಲಿಲ್ಲ, ಬ್ರಯನ್‌ಗೂ ಹತ್ತಿತು. ಪರದೆಯ ಹಿಂದೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಟ್ಯಾಟರ್ಸಲ್ ಕೈ ತಟ್ಟುತ್ತಾ ಬಂದ. ಯಲ್ಲಾ ಯಲ್ಲಾ, ಬೇಗ ಬೇಗ, ಜನ ಒಳಗೆ ಬರುತ್ತಿದ್ದಾರೆ. ಆನ್ಸೆಲ್ಮ್ ಫ್ರೇಮು ತೋರಿಸಿದ. ಟ್ಯಾಟರ್ಸಲ್‌ನ ಮುಖ ಬದಲಾಗಲಿಲ್ಲ. ಆ ಕಾಗದ ಇಲ್ಲದೆ ಹೋಗಿದ್ದರೆ ಕ್ಲಬ್ಬಿಗೇ ತೊಂದರೆಯಾಗುತ್ತಿತ್ತು, ಅದಕ್ಕೇ ಮಾಡಿಸಿದ್ದು ಎಂದ. ಜನ ಬರುವುದು ತಾವು ಹದಿನಾರು ವರ್ಷದವರಾಗಿದ್ದಾಗಿನ ಇಂಗ್ಲೆಂಡನ್ನು ನೋಡಲು, ಆ ಇಂಗ್ಲೆಂಡಿನ ವೇದಿಕೆಗೆ ಈ ಮುಖಗಳು ಹೊಂದುವುದಿಲ್ಲ, ಇಷ್ಟು ದಿನ ಚೆನ್ನಾಗಿಯೇ ನಡೆದಿತ್ತಲ್ಲ ಎಂದ. ಅವನ ಮಾತಿನಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಕೊನೆಗೆ ಇನ್ನೊಂದು ಸೇರಿಸಿದ.

"ನೀವೇ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಿರಿ, ಆನ್ಸೆಲ್ಮ್."

"ಹೌದು ಸರ್, ಹೇಳಿದೆ. ಆ ಥ್ಯಾಂಕ್ಸು ಈ ಮೊಹರು ಒತ್ತಿದವರಿಗೆ ಸಲ್ಲಬೇಕಾಗಿತ್ತು," ಎಂದ ಆನ್ಸೆಲ್ಮ್. ಫ್ರೇಮನ್ನು ಕೀಬೋರ್ಡಿನ ಮೇಲೆ ಒರಗಿಸಿಟ್ಟು ಮೈಕು ಎತ್ತಿಕೊಂಡು, ವೈರು ಎಳೆದುಕೊಂಡು, ಪರದೆಯ ಅಂಚು ಸುತ್ತಿ ಮುಂದೆ ನಡೆದ.

ಮುಂದೆ ತಂಪಿತ್ತು. ಅರವತ್ತು ಎಪ್ಪತ್ತು ಜನ ಕುಳಿತಿದ್ದರು. ಹಾಡುಗಾರನ ಜಾಗದಲ್ಲಿ ನಿಂತಿದ್ದ ಹತ್ತೊಂಬತ್ತರ ಹುಡುಗ ಇವನನ್ನು ನೋಡಿ, ಕೈಯಲ್ಲಿದ್ದ ಮೈಕನ್ನು ನೋಡಿ, ಏನೂ ಕೇಳದೆ ವಿಗ್ಗು ತೆಗೆದ. ಹಣೆಯಲ್ಲಿ ಬೆವರುಸಾಲೆಯ ಕೆಂಪು ಪಟ್ಟಿ ಎದ್ದಿತ್ತು. ಮೂರು ವರ್ಷ ಯಾವ ಪಾರ್ಟಿಗೆ ಹೋದರೂ ಒಂದು ಹಾಡು ಹೇಳು ಎಂದು ಯಾರಾದರೂ ಕೇಳಿಬಿಟ್ಟರೆ ಎಂದು ತಾನು ಹೆದರುತ್ತಿದ್ದೆ ಎಂದು ಆನ್ಸೆಲ್ಮ್‌ನ ಕಿವಿಯಲ್ಲಿ ಹೇಳಿ, ವೇದಿಕೆಯಿಂದ ಇಳಿದು, ಮೊದಲ ಸಾಲಿನಲ್ಲಿ ಕಾಲು ಚಾಚಿ ಕುಳಿತ. ಉಳಿದ ಮೂವರೂ ಅವನ ಹಿಂದೆಯೇ ಇಳಿದರು.

ಅಷ್ಟರಲ್ಲಿ ವಿರುಪಾಕ್ಷಪ್ಪ ಹಗ್ಗ ಎಳೆದ. ಹಸಿರು ಪರದೆ ಎರಡು ಕಡೆಗೂ ಸರಿಯಿತು. ಎಳೆದವನು ಪರದೆಯ ಸರಳಿನಲ್ಲಿ ವೈರು ಸರಿಯಿದೆಯೇ ಎಂದು ಪರೀಕ್ಷಿಸುವವನ ಹಾಗೆ ಮೇಲೆ ನೋಡುತ್ತಾ ನಿಂತ. ಪೂಜೆಗೆಂದು ಉಟ್ಟ ಸೀರೆಯಲ್ಲೇ ಇದ್ದ ಬೆನಿಟಾ ಸೆರಗು ಸರಿಮಾಡಿಕೊಂಡಳು. ನಡುವಿನ ಸಾಲಿನಿಂದ ಒಬ್ಬ ಮುದುಕಿ ಪಕ್ಕದವನಿಗೆ, ಹಾಗಾದರೆ ಇಷ್ಟು ದಿನ ಹಾಡಿದ್ದು ಇವರೇ ಏನು ಎಂದು ಕೇಳಿದಳು. ಕಿವಿ ಮಂದವಿತ್ತೋ ಏನೋ, ಇಡೀ ಹಾಲಿಗೆ ಕೇಳುವಂತೆ ಕೇಳಿದಳು. ಯಾರೋ ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಕುಳಿತಿದ್ದರು.

ಟ್ಯಾಟರ್ಸಲ್ ವೇದಿಕೆಯ ಕೆಳಗೆ ಬಂದು, ಸಭೆಗೆ ಬೆನ್ನು ಕೊಟ್ಟು, ಮುಖದಲ್ಲಿ ನಗು ಇಟ್ಟುಕೊಂಡೇ ಮಾತಾಡಿದ. ಶನಿವಾರ ಬೆಳಿಗ್ಗೆ ಆಫೀಸಿನಲ್ಲಿ ನೋಡೋಣ ಎಂದ. ಕಂಪನಿ ಅವನಿಗೆ ಕೊಟ್ಟ ನೌಕರಿಯ ಕಾಂಟ್ರಾಕ್ಟು ಜೂನಿನಲ್ಲಿ ಮುಗಿಯುತ್ತದೆ ಎಂಬುದನ್ನು ನೆನಪಿಸಿದ. ಶನಿವಾರಕ್ಕೆ ಶನಿವಾರದ ಭಯ ಇರಲಿ ಎಂದುಕೊಂಡ ಆನ್ಸೆಲ್ಮ್. ಆಳು ತೆಗೆಯುವವನು ಎದುರಿಗೇ ಕಾಣುವ ಭಯ ಅದು, ಅದಕ್ಕೆ ಮುಖ ಇದೆ, ಹೆಸರಿದೆ. ಮೂರು ವರ್ಷದ ಭಯಕ್ಕೆ ಅದೂ ಇರಲಿಲ್ಲ. ಅವನು ಹಿಂದೆ ತಿರುಗಿ ನೋಡಿದಾಗ ಯೂಸ್ಟೇಸ್‌ನ ಎರಡು ಕಣ್ಣೂ ಅವನ ಮೇಲೆಯೇ ಇದ್ದವು, ಕೋಲುಗಳು ಮೇಲೆತ್ತಿದ್ದವು.

"ಪರದೆ ಎಳೆದು ಹಿಂದೆ ಹೋಗಿ, ಆನ್ಸೆಲ್ಮ್," ಎಂದ ಟ್ಯಾಟರ್ಸಲ್.

ಆನ್ಸೆಲ್ಮ್ ಮೈಕನ್ನು ಬಾಯಿಯಿಂದ ಸ್ವಲ್ಪ ದೂರ ಹಿಡಿದ.

"ಇಲ್ಲ, ಮಿಸ್ಟರ್ ಟ್ಯಾಟರ್ಸಲ್. ನಾನು ಹೋಗುವುದಿಲ್ಲ."